ಬೂದಿ ಬಾಂಡ್ಲಿ

೨೭ ಜೂನ್ ೧೯೮೨, ಭಾನುವಾರ

ಹೊಸ ವರ್ಷಕ್ಕೆ ಕೊಬ್ಬರಿ ಮಂಡಿಯವರು ಕೊಟ್ಟ ಡೈರಿ ಇದು. ಆರು ತಿಂಗಳಿಂದ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಬೆಳಿಗ್ಗೆ ಬೆಕ್ಕಿನ ಮರಿ ಇದರ ಮೇಲೆ ಉಚ್ಚೆ ಹುಯ್ದಿದೆ. ಮೊದಲ ಹಾಳೆಗಳೆಲ್ಲ ಊದಿಕೊಂಡವು. ಬಿಸಿಲಿಗೆ ಹರಡಿ ಒಣಗಿಸಿ, ಜೂನಿನ ಹಾಳೆಯಿಂದ ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಸರ್ವಮಂಗಳ ತವರಿಗೆ ಹೋಗಿ ಮೂರು ದಿನವಾಯಿತು. ಅವಳ ಅಣ್ಣ ಹಾಲಸ್ವಾಮಿ ಕೆಂಕೆರೆಯಿಂದ ಬಂದು ಕರೆದುಕೊಂಡು ಹೋದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಹೊರಡುವ ಹೊತ್ತಿಗೆ ಅವಳು ಮರಿಗಾಗಿ ಮನೆಯೆಲ್ಲ ಹುಡುಕಿದಳು. ಅದು ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳ ಸಂದಿಯಲ್ಲಿ ಎಲ್ಲೋ ಅಡಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹಾಲಸ್ವಾಮಿ ಅವಸರಪಡಿಸಿದ. ಅವಳು ನನ್ನ ಕಡೆ ತಿರುಗದೆ ಅವ್ವನಿಗೆ, "ಬಾಂಡ್ಲಿ ಬಚ್ಚಲ ಮೂಲೇಲಿದೆ ಅತ್ತೆ, ಬೂದಿ ಮಾತ್ರ ಬದಲಾಯಿಸ್ತಿರಿ" ಎಂದಳು. ಅಷ್ಟೇ ಅವಳ ಕೊನೆಯ ಮಾತು.

ಹೋದ ಬುಧವಾರ ನಾನು ಒಂದು ಮಾತು ಆಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟಿನಲ್ಲಿ ಯಾರ ಬಾಯಲ್ಲಾದರೂ ಬರುವಂಥ ಮಾತು. ಅದಕ್ಕೆ ಗಂಡನ ಮನೆ ಬಿಟ್ಟು ಹೋಗುತ್ತಾರೆಯೆ?

೨೮ ಜೂನ್, ಸೋಮವಾರ

ಆ ಪ್ರಾಣಿಗೆ ಬಾಂಡ್ಲಿ ಕಂಡರೆ ಆಗುವುದಿಲ್ಲ. ಸರ್ವಮಂಗಳ ಇದ್ದಾಗ ಬಚ್ಚಲ ಮೂಲೆಗೆ ಹೋಗಿ, ಬೂದಿ ಕೆರೆದು, ಕೂತು, ಮುಚ್ಚಿ ಬರುತ್ತಿತ್ತು. ಮನೆಯಲ್ಲಿ ಬೆಕ್ಕಿದೆಯೆಂದೇ ನನಗೆ ತಿಳಿಯುತ್ತಿರಲಿಲ್ಲ. ಈಗ ಏಳನೆಯ ಕ್ಲಾಸಿನ ಟೆಸ್ಟ್ ಪೇಪರುಗಳ ಮೇಲೆ ಮಾಡಿದೆ. ನಲವತ್ತೆರಡು ಮಕ್ಕಳಲ್ಲಿ ಆರು ಜನರ ವಿಜ್ಞಾನದ ಉತ್ತರ ಹಾಳಾಯಿತು. ಅವರಿಗೆ ನಾಳೆ ಏನು ಹೇಳಲಿ?

ಅವ್ವ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು. "ನಾನಂತೂ ಮುಟ್ಟಾಕಿಲ್ಲ ಕಣಪ್ಪ. ತಂದೋಳು ಹೋದ್ಲು, ಇದೂ ಹೋಗ್ಲಿ."

ನಾನೇ ಬಳಿದೆ. ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಇಂಥ ಕೆಲಸ. ಎರಡು ಸಲ ಓಕರಿಕೆ ಬಂತು.

೩೦ ಜೂನ್, ಬುಧವಾರ

ಇವತ್ತು ಮೂರು ಕಡೆ. ಒಂದು ನನ್ನ ಚಪ್ಪಲಿಯೊಳಗೆ.

೧ ಜುಲೈ, ಗುರುವಾರ

ಬೂದಿ ಬೇಡವೇನೋ ಎಂದು ಮರಳು ತಂದು ಹಾಕಿದೆ. ಮುಖ ತಿರುಗಿಸಿತು. ತೆಂಗಿನ ನಾರಿನ ಪುಡಿ ಹಾಕಿದೆ. ಅದರಲ್ಲಿ ಮಲಗಿ ನಿದ್ದೆ ಮಾಡಿತು. ಎದ್ದು ನೇರವಾಗಿ ಒಳಗೆ ಬಂದು ಸರ್ವಮಂಗಳ ಮಲಗುತ್ತಿದ್ದ ಚಾಪೆಯ ಮೇಲೆ ಮಾಡಿತು. ಮತ್ತೆ ಬೂದಿ ಹಾಕಿ ಬಾಂಡ್ಲಿಯನ್ನು ಹಿತ್ತಲ ಬಾಗಿಲಿಗೆ ತಂದಿಟ್ಟರೆ ಮುಂಗಾಲು ಎರಡೂ ಒಳಗಿಟ್ಟು ಹಿಂಭಾಗ ಹೊರಗೆ ಬಿಟ್ಟುಕೊಂಡು ಕೂತಿತು. ಕೆಲಸ ಮುಗಿಸಿ, ಬಾಂಡ್ಲಿಯೊಳಗಿನ ಬೂದಿಯನ್ನು ಬಹಳ ಶ್ರದ್ಧೆಯಿಂದ ಮುಚ್ಚಿತು. ಗಾರೆ ನೆಲದ ತುಂಬ ಅದರ ಬೂದಿ ಹೆಜ್ಜೆ.

ಚಾಪೆ ತೊಳೆದು ಗೋಡೆಗೆ ಒರಗಿಸಿದ್ದೇನೆ. ಅದರಲ್ಲಿ ಅವಳ ತಲೆಯೆಣ್ಣೆಯ ವಾಸನೆ ಇತ್ತು. ಈಗ ಸೋಪಿನ ವಾಸನೆ ಮಾತ್ರ.

೩ ಜುಲೈ, ಶನಿವಾರ

ಅವ್ವ ರಾಗಿ ಮುದ್ದೆ ಬಡಿಸುತ್ತ ಮಾತು ತೆಗೆದಳು. ಇನ್ನೊಂದೆರಡು ವಾರದಲ್ಲಿ ಏಕಾಂತಯ್ಯ ಬರುತ್ತಾನಂತೆ. ಅವನು ಅವ್ವನ ದೊಡ್ಡಮ್ಮನ ಮಗ, ಸುತ್ತಲ ಊರುಗಳಲ್ಲಿ ಸಂಬಂಧ ಕುದುರಿಸುವವನು. ನೊಣವಿನಕೆರೆ ಕಡೆ ಒಂದು ಹೆಣ್ಣಿದೆಯಂತೆ.

"ಒಂಬತ್ತು ವರ್ಷ ಕಾದಿದೀವಿ. ಮೂರು ಸಲ ಆಯ್ತು. ಇನ್ನೆಷ್ಟು ಕಾಯಾದು? ಅವಳೇ ಕಾಲು ತೆಗ್ದವಳೆ, ನಾವೇನು ಕಳಿಸ್ಲಿಲ್ಲ" ಎಂದಳು ಅವ್ವ.

ನಾನು ಉಣ್ಣುತ್ತಿದ್ದೆ.

"ಮೊದ್ಲು ಆ ಬೆಕ್ಕು ಬುಟ್ಬಾ. ಕೂಸು ಬರೋ ಮನೇಲಿ ಬೆಕ್ಕು ಇರಬಾರ್ದು."

ನಾಳೆ ಬಿಟ್ಟು ಬರುತ್ತೇನೆ.

೪ ಜುಲೈ, ಭಾನುವಾರ

ಗೋಣಿಚೀಲದಲ್ಲಿ ಹಾಕಿಕೊಂಡು ನಮ್ಮ ಅರಳಗುಪ್ಪೆ ಸ್ಟೇಷನ್ನಿಗೆ ಹೋದೆ. ಅಲ್ಲಿ ಟೀ ಅಂಗಡಿಯಿದೆ, ಹಾಲು ಬಿಸ್ಕತ್ತು ಏನಾದರೂ ಸಿಗುತ್ತದೆ, ಸಾಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ದಾರಿಯುದ್ದಕ್ಕೂ ಕೂಗುತ್ತಿತ್ತು. ಪ್ಲಾಟ್‌ಫಾರಂ ಸಿಗುವ ಹೊತ್ತಿಗೆ ಸುಮ್ಮನಾಯಿತು. ಚೀಲ ಬಿಚ್ಚಿ ನೋಡಿದರೆ ಭಯಕ್ಕೆ ಎಲ್ಲವನ್ನೂ ಮಾಡಿಕೊಂಡು ಅದರಲ್ಲೇ ಕೂತಿದೆ. ಮೈಯೆಲ್ಲ ಗಲೀಜು. ಹಾಗೇ ಬಿಟ್ಟರೆ ಯಾವ ಅಂಗಡಿಯವನೂ ಹತ್ತಿರ ಸೇರಿಸಲಾರ. ನಲ್ಲಿಯಡಿ ಹಿಡಿದು ತೊಳೆದೆ. ಗಡಗಡ ನಡುಗಿತು. ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡೆ.

ಹಾಗೆ ಹಿಡಿದುಕೊಂಡಾಗ ಅದರ ತೂಕ

ಬೇಡ.

ವಾಪಸು ತಂದೆ.

೮ ಜುಲೈ, ಗುರುವಾರ

ಮೂರು ದಿನದಿಂದ ತುಂತುರು, ಗಾಳಿ. ಮಕ್ಕಳಿಗೆ ಆವಿಯಾಗುವಿಕೆ ಪಾಠ ಮಾಡುತ್ತಾ ನಡುವೆ ಎಲ್ಲಿಗೆ ನಿಲ್ಲಿಸಿದೆನೆಂಬುದೇ ಮರೆತುಹೋಯಿತು.

ಭಾನುವಾರ ಬರೆಯದೆ ಬಿಟ್ಟದ್ದನ್ನು ಬರೆದುಬಿಡುತ್ತೇನೆ. ಈ ಡೈರಿಯನ್ನು ಇನ್ನಾರು ಓದುತ್ತಾರೆ?

ಫೆಬ್ರವರಿಯಲ್ಲಿ ಸರ್ವಮಂಗಳಗೆ ಏಳು ತಿಂಗಳು ತುಂಬಿತ್ತು. ಮೊದಲಿನ ಎರಡೂ ಮೂರನೆಯ ತಿಂಗಳಲ್ಲೇ ಹೋಗಿದ್ದವು. ಇದು ಉಳಿಯುತ್ತದೆಂದು ಎಲ್ಲರಿಗೂ ಧೈರ್ಯ ಬಂದಿತ್ತು. ಒಂದು ದಿನ ಜ್ವರ, ನೋವು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆ. ಮಗು ಉಸಿರಿಲ್ಲದೆ ಹುಟ್ಟಿತು. ಅವಳಿಗೆ ಎರಡು ದಿನ ಪ್ರಜ್ಞೆ ಇರಲಿಲ್ಲ. ಆ ಎರಡು ದಿನದೊಳಗೆ ನಾನು ಮಗುವನ್ನು ಊರಿಗೆ ತಂದು ನಮ್ಮ ಹಿತ್ತಲಲ್ಲಿ ಮಣ್ಣು ಮಾಡಿದೆ. ಬಾವಿಯಿಂದ ಮೂರನೆಯ ತೆಂಗಿನ ಮರದ ಬುಡದಲ್ಲಿ. ಅಗೆದವನೂ ನಾನೇ. ಅವ್ವ ದೀಪ ಹಿಡಿದಿದ್ದಳು.

"ಎಲ್ಲಿ ಅಂತ ಅವಳಿಗೆ ಹೇಳ್ಬ್ಯಾಡ ಕಣಪ್ಪ. ದಿನಾ ಅಲ್ಲೇ ಹೋಗಿ ಕೂತ್ಕತಾಳೆ. ಹೊಟ್ಟೇಲಿ ಮುಂದೆ ಕೂಸು ನಿಲ್ಲಾಕಿಲ್ಲ" ಎಂದಿದ್ದಳು ಅವ್ವ.

ಸರ್ವಮಂಗಳ ಎಚ್ಚರವಾದ ಮೇಲೆ ಕೇಳಿದಳು. ಆಸ್ಪತ್ರೆಯವರೇ ನೋಡಿಕೊಂಡರು ಎಂದೆ. ಇನ್ನೊಂದೆರಡು ಸಲ ಕೇಳಿದಳು. ಮರೆತುಬಿಡು ಎಂದೆ. ಆಮೇಲೆ ಕೇಳಲಿಲ್ಲ.

ಏಪ್ರಿಲ್ ಕೊನೆಯಲ್ಲಿ ತೆಂಗಿನ ಮಟ್ಟೆ ರಾಶಿಯಲ್ಲಿ ಕಣ್ಣು ಬಿಡದ ಈ ಮರಿ ಸಿಕ್ಕಿತು. ಬತ್ತಿ ಅದ್ದಿ ಹಾಲು ಕುಡಿಸಿ ಬದುಕಿಸಿ, ಚುಕ್ಕಿ ಎಂದು ಹೆಸರಿಟ್ಟಳು. ನಡೆಯಲು ಕಲಿತ ಮೇಲೆ ಬಚ್ಚಲ ಒಲೆಯ ಬೂದಿಯನ್ನು ಬಾಂಡ್ಲಿಗೆ ಹಾಕಿ ಅಭ್ಯಾಸ ಮಾಡಿಸಿದಳು. ಬೆಳಿಗ್ಗೆ ಆ ಬೂದಿಯನ್ನು ಒಯ್ದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದಳು. ತೆಂಗಿಗೆ ಬೂದಿ ಒಳ್ಳೆಯದೆಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ಮರದಲ್ಲಿ ಸೊರಗಿದ್ದು ಒಂದೇ, ಬಾವಿಯಿಂದ ಮೂರನೆಯದು. ಪಾಪ, ಅದಕ್ಕೇ ಹಾಕಿದಳು.

ನಾನು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತ ದಿನಾ ನೋಡುತ್ತಿದ್ದೆ. ಒಂದು ತಿಂಗಳು ನೋಡಿದೆ. ಹೇಳಬೇಕೆಂದು ಬಾಯಿ ತೆರೆದರೆ ಸುಳ್ಳು ಹೇಳಿದ್ದೂ ಹೇಳಬೇಕಾಗುತ್ತದೆ. ಉಗುಳು ನುಂಗಿಕೊಂಡು ಒಳಗೆ ಬರುತ್ತಿದ್ದೆ. ಆ ಬುಧವಾರ ಅವಳು ಬೂದಿ ಸುರಿದು, ಬಾಂಡ್ಲಿಯನ್ನು ಮರದ ಬುಡಕ್ಕೇ ತಟತಟ ಬಡಿದಳು. ನನಗೆ ಏನಾಯಿತೋ. ಓಡಿಹೋಗಿ ಬಾಂಡ್ಲಿ ಕಿತ್ತು ಎಸೆದೆ.

"ಹೆತ್ತ ಮಗುವಿಂದು ಬಳಿಯೋ ಯೋಗ ಇಲ್ಲ ನಿನಗೆ. ಬೆಕ್ಕಿಂದು ಬಳ್ಕೊಂಡೇ ಸಾಯಿ" ಎಂದೆ.

ಇದೇ ಆ ಮಾತು.

ಅವಳು ಅಳಲಿಲ್ಲ. ಬಾಂಡ್ಲಿ ಎತ್ತಿಕೊಂಡು ಬಂದು ತೊಳೆದು ಮೂಲೆಯಲ್ಲಿ ಇಟ್ಟಳು. ಅಣ್ಣನಿಗೆ ಹೇಳಿಕಳಿಸಿದಳು.

೧೨ ಜುಲೈ, ಸೋಮವಾರ

ಸ್ಕೂಲಿನಲ್ಲಿ ಕಸ ಗುಡಿಸುವ ಓಬಮ್ಮ ನನ್ನ ಕೈ ನೋಡಿ, "ಇದೇನು ಮೇಷ್ಟ್ರೇ, ಪರಚಿದ ಗಾಯ?" ಎಂದಳು. ಹೇಳಿದೆ. ನಕ್ಕಳು. ಆಕೆಯ ಮನೆಯಲ್ಲಿ ನಾಲ್ಕು ಬೆಕ್ಕಿವೆಯಂತೆ.

"ಬೂದಿ ಎಷ್ಟು ದಿನಕ್ಕೊಂದಪ ಬದಲಾಯಿಸ್ತೀರಿ?"

"ಎರಡು ದಿನಕ್ಕೆ. ಒಮ್ಮೊಮ್ಮೆ ಮೂರು."

"ಅಯ್ಯೋ ನಮ್ಮಪ್ಪ! ನೀವಾದ್ರೆ ಹೋಗ್ತಿದ್ರಾ ಅಂಥಾದ್ಕೆ? ನಿಮ್ಮ ಮನೆಯವ್ರು ಹೊತ್ತಾರೆ ಒಂದಪ, ಸಂಜೆ ಒಂದಪ ಬದಲಾಯಿಸ್ತಿದ್ರು. ಬೂದಿ ಸಾಲ್ದೆ ನಮ್ಮನೇಗೆ ಬಂದು ಇಸ್ಕಂಡು ಹೋಗ್ತಿದ್ರು. ಮೂಲೇಲೇ ಇಡಿ, ಜನ ಓಡಾಡೋ ಕಡೆ ಅದು ಕೂರಾಕಿಲ್ಲ. ಅದುಕ್ಕೂ ಮಾನ ಐತೆ."

ಸರ್ವಮಂಗಳ ಊರೊಳಗೆ ಬೂದಿ ಕೇಳಿಕೊಂಡು ತಿರುಗುತ್ತಿದ್ದದ್ದು ನನಗೆ ತಿಳಿದೇ ಇರಲಿಲ್ಲ.

ಬಚ್ಚಲ ಮೂಲೆಯಲ್ಲಿ ಒಂದು ಇಟ್ಟಿಗೆ ಇತ್ತು. ಮರಿ ಹತ್ತಲು ಮೆಟ್ಟಿಲಾಗಿ ಇಟ್ಟಿದ್ದಾಳೆಂದು ಇವತ್ತು ಹೊಳೆಯಿತು. ಅದನ್ನು ನಾನೇ ಬಾಗಿಲು ತಡೆಯಲು ಒಯ್ದಿದ್ದೆ. ಬಾಂಡ್ಲಿ, ಇಟ್ಟಿಗೆ ಎರಡನ್ನೂ ಅವಳಿಟ್ಟಂತೆಯೇ ಇಟ್ಟೆ.

೧೩ ಜುಲೈ, ಮಂಗಳವಾರ

ಚುಕ್ಕಿ ಬಾಂಡ್ಲಿಯಲ್ಲಿ ಮಾಡಿದಳು! ಇಟ್ಟಿಗೆ ಹತ್ತಿ, ಮೂಸಿ, ಒಂದು ಸುತ್ತು ಹಾಕಿ. ನಾನು ಬಾಗಿಲ ಸಂದಿಯಿಂದ ನೋಡಿದೆ. ಹೇಳೋಣವೆಂದು ಒಳಗೆ ತಿರುಗಿದರೆ, ಹೇಳಲು ಯಾರಿದ್ದಾರೆ. ಅವ್ವನಿಗೆ ಹೇಳಿದೆ. "ಸರಿ ಬುಡು" ಎಂದಳು.

ಬೂದಿಯನ್ನು ಬೇಲಿಯ ಆಚೆ ಗುಂಡಿ ತೋಡಿ ಹಾಕುತ್ತೇನೆ. ಅಷ್ಟು ದೂರ.

೧೫ ಜುಲೈ, ಗುರುವಾರ

ಏಕಾಂತಯ್ಯ ಬಂದಿದ್ದ. ಹೆಣ್ಣಿನ ಫೋಟೋ ತಂದಿದ್ದ. ನಾನು ಕೈಯಲ್ಲಿ ಬಾಂಡ್ಲಿ ಹಿಡಿದು ಹಿತ್ತಲಿಗೆ ಹೊರಟಿದ್ದೆ. "ಇದೇನ್ಲಾ ಶಂಭುಲಿಂಗ, ನೀನು ಮಾಡೋ ಕೆಲ್ಸನಾ ಇದು?" ಎಂದ. ಎರಡು ದಿನ ಬಿಟ್ಟರೆ ಚಾಪೆಯ ಮೇಲೆ ಮಾಡುತ್ತಾಳೆ, ಈಗಲೇ ಬದಲಾಯಿಸಬೇಕು ಎಂದೆ. ಕೈ ತೊಳೆದು ಬಂದು ಫೋಟೋವನ್ನು ಲಕೋಟೆಯಿಂದ ತೆಗೆಯದೆ ವಾಪಸು ಕೊಟ್ಟೆ. ಅವ್ವ ಅತ್ತಳು.

ಭಾನುವಾರ ಕೆಂಕೆರೆಗೆ ಹೋಗುತ್ತೇನೆ.

೧೮ ಜುಲೈ, ಭಾನುವಾರ

ಹುಳಿಯಾರಿಗೆ ಬಸ್ಸು. ಅಲ್ಲಿಂದ ಕೆಂಕೆರೆಗೆ ನಡೆದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮಕ್ಕಳು ಪದ್ಯ ಬಾಯಿಪಾಠ ಮಾಡಿದ ಹಾಗೆ ಹೇಳಿಕೊಂಡೆ.

ಸರ್ವಮಂಗಳ ಜಗಲಿಯಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಿದ್ದಳು. ಇಳಿದುಹೋಗಿದ್ದಾಳೆ. ಎದ್ದು ನೀರು ಕೊಟ್ಟಳು. ಹಾಲಸ್ವಾಮಿ ನನ್ನನ್ನೊಮ್ಮೆ ನೋಡಿ ಹೊಲದ ಕಡೆ ಹೊರಟುಹೋದ.

"ಚುಕ್ಕಿ ಇದೆಯಾ?" ಎಂದಳು.

"ಇದೆ. ಬಾಂಡ್ಲಿಗೇ ಹೋಗ್ತಾಳೆ ಈಗ. ನಿನ್ನ ಇಟ್ಟಿಗೆ ಇಟ್ಟ ಮೇಲೆ."

"ಬೂದಿ ಯಾರು ಹಾಕ್ತಾರೆ?"

"ನಾನು."

ಅವಳ ಕೈ ಒಂದು ಕ್ಷಣ ನಿಂತಿತು, ಮತ್ತೆ ಹೆಣೆಯತೊಡಗಿತು. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಆಸ್ಪತ್ರೆಯವರು ನೋಡ್ಕೊಳ್ಳಲಿಲ್ಲ ಮಂಗಳಾ. ನಾನೇ ತಂದೆ. ನಮ್ಮ ಹಿತ್ತಲಲ್ಲೇ ಇದೆ. ಬಾವಿಯಿಂದ ಮೂರನೇ ಮರ" ಎಂದುಬಿಟ್ಟೆ.

ಅವಳು ತಲೆಯೆತ್ತಲಿಲ್ಲ. ಗರಿಯ ಒಂದು ಎಳೆಯನ್ನು ಮೇಲೆ, ಒಂದನ್ನು ಕೆಳಗೆ, ಹೆಣೆಯುತ್ತಲೇ ಹೋದಳು. ಆ ಸಾಲು ಮುಗಿಯಿತು. ಇನ್ನೊಂದು ಸಾಲು ಶುರು ಮಾಡಿದಳು.

"ಹೆಣ್ಣೋ, ಗಂಡೋ?"

ಅದನ್ನೂ ನಾನು ಅವಳಿಗೆ ಹೇಳಿರಲಿಲ್ಲವೆಂಬುದು ಆಗ ನೆನಪಾಯಿತು.

"ಹೆಣ್ಣು."

ಗರಿ ಕೈಯಿಂದ ಜಾರಿತು. "ಅವಳ ಮೇಲೆ ನಾನು ದಿನಾ ಬೆಕ್ಕಿನ ಹೇಲು ಸುರಿದೆ. ನೀವು ನೋಡ್ತಿದ್ರಿ."

"ಹೂಂ."

"ಎಷ್ಟು ದಿನ ನೋಡಿದ್ರಿ?"

"ಒಂದು ತಿಂಗಳು."

"ಒಂದು ದಿನ ಹೇಳಿದ್ರೆ ಆಗ್ತಿತ್ತಲ್ರೀ. ಬೈದಾದ್ರೂ ಹೇಳಬಹುದಿತ್ತು. ಇಲ್ಲಿ ನಿನ್ನ ಮಗಳಿದಾಳೆ ಕಣೇ ಅಂತ ಬೈಬಹುದಿತ್ತು." ಅವಳ ಧ್ವನಿ ಏರಲಿಲ್ಲ. "ಇವತ್ತು ಹೋಗಿ. ನಿಮ್ಮ ಮುಖ ನೋಡೋಕಾಗ್ತಿಲ್ಲ ನಂಗೆ."

ಎದ್ದು ಬಂದೆ. ಊರಾಚೆ ಸಿಕ್ಕ ಹಾಲಸ್ವಾಮಿ ಹುಳಿಯಾರಿನವರೆಗೆ ಜೊತೆಗೆ ನಡೆದ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದವನು ಬೀಡಿ ಆರಿಸಿದ.

೨೦ ಜುಲೈ, ಮಂಗಳವಾರ

ಬೂದಿ ಸಾಲಲಿಲ್ಲ. ಓಬಮ್ಮನ ಮನೆಗೆ ಹೋಗಿ ಇಸಕೊಂಡು ಬಂದೆ.

೨೫ ಜುಲೈ, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಹಾಲಸ್ವಾಮಿಯ ಜೊತೆ ಬಂದಳು. ಮನೆಯೊಳಗೆ ಬರಲಿಲ್ಲ. ಪಕ್ಕದ ಓಣಿಯಿಂದ ನೇರವಾಗಿ ಹಿತ್ತಲಿಗೆ ಹೋದಳು. ಮೂರನೆಯ ಮರದ ಹತ್ತಿರ ನಿಂತು, "ಎಲ್ಲಿ?" ಎಂದಳು. ತೋರಿಸಿದೆ. "ತಲೆ ಯಾವ ಕಡೆ?" ಬಾವಿಯ ಕಡೆ ಎಂದೆ.

ಕೂತಳು. ಮಳೆಗೆ ಗಟ್ಟಿಕಟ್ಟಿದ್ದ ಬೂದಿಯನ್ನು ಬೆರಳಲ್ಲಿ ಕೆತ್ತಿ ಕೆತ್ತಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. ಸನಿಕೆ ತರುತ್ತೇನೆಂದರೆ ಬೇಡವೆಂದು ತಲೆಯಾಡಿಸಿದಳು. ನಾನೂ ಕೂತು ಕೈ ಹಾಕಿದೆ. ಬೇಡವೆನ್ನಲಿಲ್ಲ. ಕೆಂಪು ಮಣ್ಣು ಕಾಣುವವರೆಗೆ ತೆಗೆದೆವು. ಇಬ್ಬರ ಉಗುರಲ್ಲೂ ರಕ್ತ.

ಅವ್ವ ಕೊಡದಲ್ಲಿ ನೀರು ತಂದು ಪಕ್ಕದಲ್ಲಿ ಇಳಿಸಿದಳು. "ಹೇಳ್ಬ್ಯಾಡ ಅಂದಿದ್ದು ನಾನು ಕಣವ್ವ. ಇವನ್ದೇನು ತಪ್ಪಿಲ್ಲ" ಎಂದಳು. ಸರ್ವಮಂಗಳ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡು ಆ ನೀರಿನಿಂದಲೇ ಆ ಜಾಗ ತೊಳೆದಳು. ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದು ಮಣ್ಣಿಗೆ ಹಚ್ಚಿದಳು. ಆಮೇಲೆ ಅಂಗೈಯನ್ನು ನೆಲಕ್ಕೆ ಒತ್ತಿ, ಕೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿದಳು. ಬಹಳ ಹೊತ್ತು. ನನಗೆ ನೋಡಲಾಗಲಿಲ್ಲ. ಅಲ್ಲಿಂದ ಏಳಲೂ ಆಗಲಿಲ್ಲ.

ಸಂಜೆಯ ಬಸ್ಸಿಗೆ ಹೊರಟರು. ಚುಕ್ಕಿಯನ್ನು ಕೊಡು ಎಂದು ಅವಳು ಕೇಳಲಿಲ್ಲ. ನಾನೇ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿ ತಂದೆ. ಇನ್ನೊಂದು ಚೀಲದಲ್ಲಿ ಜರಡಿ ಹಿಡಿದ ಬೂದಿ. ಕೆಂಕೆರೆಯ ಬೂದಿ ಹೊಸದಾಗುತ್ತದೆ, ಎರಡು ದಿನ ಇದನ್ನೇ ಹಾಕಿದರೆ ಒಗ್ಗಿಕೊಳ್ಳುತ್ತಾಳೆ ಎಂದೆ. ಅವಳು ಚೀಲ ಬಿಚ್ಚಿ ಬೂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಗ ಅತ್ತಳು.

ಬಸ್ಸು ಬರುವುದು ಕಂಡಾಗ ಹೇಳಿದಳು: "ನಾನು ಬತ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಕರೆಯೋಕೆ ಬರಬೇಡಿ. ಆದ್ರೆ ಒಂದು ಕಾಗದ ಬರೀರಿ. ತಿಪಟೂರಿಂದ ಅವಳನ್ನ ಹೆಂಗೆ ತಂದ್ರಿ ಅಂತ. ನಾನು ಎತ್ಕೊಳ್ಳಲಿಲ್ಲ. ನೀವು ಎತ್ಕೊಂಡಿದ್ರಿ. ಅದನ್ನ ಬರೀರಿ."

೨೮ ಜುಲೈ, ಬುಧವಾರ

ಮನೆ ಚೊಕ್ಕಟವಾಗಿದೆ. ಎಲ್ಲೂ ಏನೂ ಬಳಿಯಬೇಕಾಗಿಲ್ಲ.

ಕಾಗದ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ.

೧ ಆಗಸ್ಟ್, ಭಾನುವಾರ

ಇವತ್ತು ಬರೆದು ಮುಗಿಸಿದೆ. ನಾಳೆ ಡಬ್ಬಿಗೆ ಹಾಕುತ್ತೇನೆ. ಅದರಲ್ಲಿ ಬರೆದದ್ದು ಇಷ್ಟು.

ಮಂಗಳಾ, ಅವಳ ತಲೆಯ ತುಂಬ ಕೂದಲಿತ್ತು. ನಿನ್ನ ಹಾಗೆಯೇ ಹಣೆಯ ಮೇಲೆ ಸುಳಿ. ಕಣ್ಣು ಮುಚ್ಚಿತ್ತು. ಎಡಗೈ ಮುಷ್ಟಿ ಹಿಡಿದಿತ್ತು, ಬಲಗೈ ಬಿಚ್ಚಿತ್ತು. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದರ ಮೇಲೆ ನಾನು ನನ್ನ ಟವೆಲ್ಲು ಸುತ್ತಿದೆ. ಕಾರು ಮಾಡಿಕೊಂಡು ಬರಬೇಕೆಂಬುದು ಕೂಡ ನನಗೆ ಹೊಳೆಯಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದುಬಂದು ಮಧ್ಯಾಹ್ನದ ಬಸ್ಸು ಹತ್ತಿದೆ. ಸೀಟು ಇರಲಿಲ್ಲ. ಕಿಟಕಿಯ ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಕೈಯಲ್ಲಿ ಕೂಸಿದೆ ಎಂದು ಸರಿದು ನನ್ನನ್ನು ಕಿಟಕಿಯ ಕಡೆಗೆ ಕೂರಿಸಿದರು.

"ಎಷ್ಟು ತಿಂಗಳಪ್ಪ?" ಎಂದು ಕೇಳಿದರು.

"ಏಳು" ಎಂದೆ.

"ಏಳಕ್ಕೆ ಸಣ್ಣಗೈತೆ. ತಾಯಿ ಎಲ್ಲಿ?"

"ಹುಷಾರಿಲ್ಲ. ಆಸ್ಪತ್ರೇಲಿದಾಳೆ."

ಅಜ್ಜಿ ಕೈ ಚಾಚಿ, ಗಾಳಿ ತಾಗದ ಹಾಗೆ ಟವೆಲ್ಲಿನ ಅಂಚನ್ನು ಅವಳ ಹಣೆಯ ಮೇಲಕ್ಕೆ ಎಳೆದರು. "ಒಳ್ಳೆ ಕೂಸು, ಅಳಾದೇ ಇಲ್ಲ" ಎಂದರು. ದಾರಿಯುದ್ದಕ್ಕೂ ನಾನು ಅವಳನ್ನು ಎದೆಗೆ ಒತ್ತಿ ಹಿಡಿದಿದ್ದೆ. ಬಸ್ಸು ಎತ್ತಿಹಾಕಿದಾಗಲೆಲ್ಲ ತಲೆಯ ಕೆಳಗೆ ಅಂಗೈ ಕೊಡುತ್ತಿದ್ದೆ. ಅಷ್ಟು ಹೊತ್ತು ನಾನು ಅವಳ ಅಪ್ಪನಾಗಿದ್ದೆ ಮಂಗಳಾ. ನಿನಗೆ ಅಷ್ಟೂ ಸಿಗಲಿಲ್ಲ. ಸಿಗದ ಹಾಗೆ ಮಾಡಿದವನು ನಾನು.

ಅರಳಗುಪ್ಪೆ ಬಂತು. ಅಜ್ಜಿ ಎದ್ದು ದಾರಿ ಬಿಟ್ಟರು.

"ನಿಧಾನಕ್ಕೆ ಇಳೀಯಪ್ಪ, ಕೂಸಿಗೆ ಎಚ್ಚರಾದಾತು" ಎಂದರು.

ನಾನು ನಿಧಾನಕ್ಕೆ ಇಳಿದೆ.